ಮರಳ ಗುಡ್ಡೆಯ ಆಲ್ಪ್ಸ್

ರಫೀಕನಿಗೆ ವೀಸಾ ಸಿಗದೆ ಹೋಗಬಹುದಿತ್ತು. ಸಿಕ್ಕಿದರೂ, ಸೌದಿಯ ವಾಸದ ಪರವಾನಗಿ ಇಕಾಮಾದ ಅವಧಿ ಮುಗಿಯುತ್ತಾ ಬಂತೆಂದು ಜಿದ್ದಾದ ವಿಮಾನ ನಿಲ್ದಾಣದಲ್ಲೇ ತಡೆಯಬಹುದಿತ್ತು. ಅಲ್ಲಿ ಬಿಟ್ಟರೂ, ವಿಯೆನ್ನಾದಲ್ಲಿಳಿದಾಗ ಉಣ್ಣೆ ಬಟ್ಟೆಯ ಪೆಟ್ಟಿಗೆ ಮಾತ್ರ ಬೇರೆ ದೇಶಕ್ಕೆ ಹೋಗಿರಬಹುದಿತ್ತು. ಕೇಬಲ್ ಕಾರು ಕಣಿವೆಯ ನಡುವೆ ನಿಲ್ಲಬಹುದಿತ್ತು. ಹಿಮ ಕುಸಿಯಬಹುದಿತ್ತು. ಹಿಮವೇ ಬೀಳದಿರಬಹುದಿತ್ತು. ಅವನ ಹೆಂಡತಿ ಮುಮ್ತಾಜಳ ಕಾಲು, ಮಗಳು ಶಿಫಾಳ ಮಣಿಕಟ್ಟು, ಸ್ವತಃ ರಫೀಕನ ಸೊಂಟ, ಇವುಗಳಲ್ಲಿ ಯಾವುದಾದರೂ ಮುರಿಯಬಹುದಿತ್ತು. ಏನೂ ಇಲ್ಲವೆಂದರೆ ಒಂದು ನೆಗಡಿಯಾದರೂ.

ಇದನ್ನೆಲ್ಲ ನಾನು ಆಗಬಾರದು ಎಂದು ಎಣಿಸಿದ್ದೋ, ಆಗಲಿ ಎಂದು ಎಣಿಸಿದ್ದೋ, ನನ್ನ ಹೆಂಡತಿ ಶಶಿಕಲಾಳಿಗೆ ಇವತ್ತಿಗೂ ಸಂಶಯ ಉಂಟು.

ಆಗ ನಾವು ಸೌದಿಯ ರಾಬಿಗ್‌ನಲ್ಲಿದ್ದೆವು. ಎರಡು ಸಾವಿರದ ಹತ್ತರ ದಶಕದ ನಡುವಿನ ಮಾತು. ಒಂದು ಕಡೆ ಕೆಂಪು ಸಮುದ್ರ, ಇನ್ನೊಂದು ಕಡೆ ಹಗಲಿರುಳೂ ಉರಿಯುವ ಚಿಮಣಿ, ನಡುವೆ ನಮ್ಮ ಮನೆಗಳಿದ್ದ ಕಾಂಪೌಂಡು. ಕಾರ್ಖಾನೆಯ ಸುರಕ್ಷತಾ ವಿಭಾಗದಲ್ಲಿ ನನ್ನ ಕೆಲಸ. ಏನೇನು ಕೆಡಬಹುದು ಎಂದು ದಿನವಿಡೀ ಯೋಚಿಸುವುದಕ್ಕೆ ನನಗೆ ಸಂಬಳ ಕೊಡುತ್ತಿದ್ದರು. ಮನೆಗೆ ಬಂದ ಮೇಲೆ ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತಿದ್ದೆ.

ಬಾಲ್ಯದ ನೆನಪು ಬರೆಯಲು ಕೂತವನು ತನ್ನದೇ ಬಾಲ್ಯ ಬರೆಯಬೇಕು, ಗೊತ್ತು. ಆದರೆ ನನ್ನ ಬಾಲ್ಯದಲ್ಲಿ ಹಿಮ ಅಂದರೆ ಮಲ್ಪೆ ಬಂದರಿನಲ್ಲಿ ಬಂಗುಡೆ ಪೆಟ್ಟಿಗೆಗೆ ಸುರಿಯುತ್ತಿದ್ದ ಐಸಿನ ಪುಡಿ. ಅದನ್ನು ಕದ್ದು ತಿಂದವರಿಗೆ ಮಾತ್ರ ಅದರ ರುಚಿ ಗೊತ್ತು, ಉಳಿದವರಿಗೆ ವಾಸನೆ ಗೊತ್ತು. ಹಾಗಾಗಿ ಇದು ನನ್ನ ಮಗಳು ಅನುವಿನ ಬಾಲ್ಯದ ಒಂದು ಚಳಿಗಾಲ. ಅವಳಿಗಾಗ ಎಂಟು ವರ್ಷ. ಪಕ್ಕದ ಮನೆಯ ಶಿಫಾಳಿಗೂ ಅಷ್ಟೇ. ಆ ಕಾಂಪೌಂಡಿನಲ್ಲಿ ಅನುವಿಗೆ ಇದ್ದ ಗೆಳತಿ ಅವಳೊಬ್ಬಳೇ.

ಶುರುಮಾಡಿದ್ದು ರಫೀಕ. ಸುರತ್ಕಲ್ಲಿನವ, ನನ್ನ ಹಾಗೆಯೇ ಉಪ್ಪುಗಾಳಿಯಲ್ಲಿ ಬೆಳೆದವ. ಅವನ ಆಸ್ಟ್ರಿಯಾದ ಮೇಲಧಿಕಾರಿ ತನ್ನೂರಿನ ಬೆಟ್ಟಗಳ ಚಿತ್ರ ತೋರಿಸಿದ್ದೇ ನೆಪ. ಆಮೇಲೆ ಪ್ರತಿ ಸಂಜೆ ಅವನ ಅಂಗಳದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಆಲ್ಪ್ಸ್ ಬಿಟ್ಟು ಬೇರೆ ಮಾತಿಲ್ಲ. ಮುಮ್ತಾಜ್ ಗೋಳಿಬಜೆ ಕರಿದು ತರುತ್ತಿದ್ದಳು. ಎಣ್ಣೆಯ ಘಮ, ಕಾರ್ಖಾನೆಯ ಗಂಧಕದ ವಾಸನೆ, ಹಾಲಿಲ್ಲದ ಸುಲೈಮಾನಿ ಚಹಾದ ಪುದೀನ, ಇವುಗಳ ಮಧ್ಯೆ ರಫೀಕ ಲ್ಯಾಪ್‌ಟಾಪಿನಲ್ಲಿ ಹಿಮ ತೋರಿಸುತ್ತಿದ್ದ.

"ಶೆಟ್ರೇ, ನೀವು ಸೇಫ್ಟಿಯವರು. ಸ್ವಲ್ಪ ಈ ಪ್ಲಾನು ನೋಡಿ. ಎಂತಾದ್ರೂ ತಪ್ಪಿದ್ರೆ ಹೇಳಿ."

ಹೊಟ್ಟೆಕಿಚ್ಚು ಇರುವವನ ಕೈಗೆ ಹೀಗೆ ಪರಿಶೀಲನೆಯ ಅಧಿಕಾರ ಕೊಡಬಾರದು. ಹಿಮದಲ್ಲಿ ಜಾರುವ ಸ್ಕೀ ಆಟಕ್ಕೆಂದು ಅವನು ಆರಿಸಿದ್ದ ಹಳ್ಳಿಯ ನಕ್ಷೆಯನ್ನು ನಾನು ಕಲಿತೆ. ಯಾವ ಇಳಿಜಾರು ಹೊಸಬರಿಗೆ, ಯಾವುದು ಮೂಳೆ ವೈದ್ಯರಿಗೆ ಲಾಭ ಎಂದು ಕಲಿತೆ. ಹೆಲಿಕಾಪ್ಟರಿನಲ್ಲಿ ಎತ್ತಿಕೊಂಡು ಹೋಗುವ ವಿಮೆ ಇಲ್ಲದೆ ಹೊರಡಬಾರದು ಎಂದು ಹಟ ಹಿಡಿದೆ. ಇಂಟರ್ನೆಟ್ಟಿನಲ್ಲಿ ಸ್ಕೀ ಮಾಡುವವರ ಒಂದು ಹರಟೆಕಟ್ಟೆ ಇತ್ತು. ಬೂಟಿನೊಳಗೆ ಒಂದು ಜೊತೆ ಕಾಲುಚೀಲವೋ ಎರಡೋ ಎಂದು ಇಂಗ್ಲೆಂಡಿನವರು ಪುಟಗಟ್ಟಲೆ ಜಗಳಾಡುತ್ತಿದ್ದರು. ಒಂದು ದಿನ ತಡೆಯಲಾಗದೆ ನಾನೂ ಬರೆದೆ: ಒಂದೇ ಸಾಕು, ದಪ್ಪವಾದರೆ ಕಾಲು ಬೆವರುತ್ತದೆ. ಯಾರೋ ಒಬ್ಬ ಧನ್ಯವಾದ ಹೇಳಿ, ಈ ಸಲ ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದ. ನಾನು ಏಸಿ ಸ್ವಲ್ಪ ಜಾಸ್ತಿ ಮಾಡಿ ಕೂತೆ.

"ಹೊಟ್ಟೆ ಉರಿಯುವುದಾದ್ರೆ ಮಜ್ಜಿಗೆ ಉಂಟು," ಅಂದಳು ಶಶಿಕಲಾ.

ನಾವು ಹೀಗೆ ಮಾತಿನಲ್ಲಿ ಬೆಟ್ಟ ಹತ್ತುತ್ತಿದ್ದಾಗ ಮಕ್ಕಳು ಆಗಲೇ ಅಲ್ಲಿಗೆ ತಲುಪಿಯಾಗಿತ್ತು. ಹಿಂದಿನ ಗೋಡೆಯ ಬದಿ, ಕಟ್ಟಡದ ಕೆಲಸದವರು ಬಿಟ್ಟುಹೋದ ಮರಳಿನ ದೊಡ್ಡ ಗುಡ್ಡೆಯಿತ್ತು. ಅದೇ ಅವರ ಆಲ್ಪ್ಸ್. ಫ್ರಿಜ್ಜಿನ ರಟ್ಟಿನ ಪೆಟ್ಟಿಗೆ ಕತ್ತರಿಸಿ, ಅಂಟುಪಟ್ಟಿಯಿಂದ ಕಾಲಿಗೆ ಬಿಗಿದು, ಉದ್ದ ಪೊರಕೆಯ ಕೋಲುಗಳನ್ನು ಎರಡೂ ಕೈಯಲ್ಲಿ ಹಿಡಿದು ಜಾರುವುದು. ಸ್ವೆಟರು, ಉಣ್ಣೆಯ ಟೊಪ್ಪಿ ಕಡ್ಡಾಯ. ರಾಬಿಗ್‌ನ ಜನವರಿಯೆಂದರೆ ನಮ್ಮೂರಿನ ಒಳ್ಳೆಯ ಬೇಸಿಗೆ. ಆದರೂ ಟೊಪ್ಪಿ ತೆಗೆದವರು ಔಟ್.

ಆಟದ ಜೀವ ಇದ್ದದ್ದು ಬೀಳುವುದರಲ್ಲಿ. ಚಂದವಾಗಿ ಬಿದ್ದವಳಿಗೆ ಅಂಕ. ಉರುಳಿ, ಕಿರುಚಿ, ಕೋಲು ಒಂದು ದಿಕ್ಕಿಗೆ, ರಟ್ಟು ಇನ್ನೊಂದು ದಿಕ್ಕಿಗೆ ಹಾರಿದರೆ ಪೂರ್ತಿ ಹತ್ತು. ಬಿದ್ದವಳ ಮೇಲೆ ಇನ್ನೊಬ್ಬಳು "ಹಿಮಪಾತ!" ಎಂದು ಕೂಗಿ ಮರಳು ಸುರಿಯುತ್ತಿದ್ದಳು, ಆಮೇಲೆ ಹಿಮದಡಿ ಸಿಕ್ಕವರನ್ನು ಹುಡುಕುವ ನಾಯಿ ತಾನೇ ಆಗಿ ಬೊಗಳುತ್ತಾ ಅಗೆದು ತೆಗೆಯುತ್ತಿದ್ದಳು. ಬೀಳುವುದರಲ್ಲಿ ಅನುವನ್ನು ಮೀರಿಸುವವರಿರಲಿಲ್ಲ. ಎಷ್ಟೋ ಸಲ ನಾನು ಕುರ್ಚಿಯಿಂದ ಎದ್ದು ಓಡಿದ್ದೇನೆ. ಪ್ರತಿ ಸಲವೂ ಅವಳು ಬಾಯಿಯಿಂದ ಮರಳು ಉಗುಳಿ, "ಎಷ್ಟು? ಎಷ್ಟು?" ಎಂದು ಅಂಕ ಕೇಳುತ್ತಿದ್ದಳು.

ಟಿಕೆಟ್ ಮಾಡುವ ವಾರ ರಫೀಕ ಇದ್ದಕ್ಕಿದ್ದ ಹಾಗೆ ಅಂದ: "ನೀವೂ ಬನ್ನಿ ಮಾರಾಯ್ರೇ. ಎರಡು ಮನೆಯವರು ಒಟ್ಟಿಗೆ ಹೋದ್ರೆ ಮಕ್ಕಳಿಗೂ ಗಮ್ಮತ್ತು. ಪ್ಲಾನು ಪೂರಾ ನಿಮ್ಮದೇ ಅಲ್ವಾ?"

ರಜೆ ಇತ್ತು. ದುಡ್ಡೂ ಇತ್ತು. ಬಾಗಿಲಲ್ಲಿ ಅನು ನಿಂತಿದ್ದಳು. ನನ್ನ ತಲೆಯೊಳಗೆ ಕೇಬಲ್ ಕಾರು ನಿಂತಿತು, ಹಿಮ ಕುಸಿಯಿತು.

"ಈ ವರ್ಷ ಬೇಡ," ಅಂದೆ. "ನನಗೆ ಮೊಣಕಾಲಿನದ್ದು ಸ್ವಲ್ಪ ಉಂಟಲ್ಲ."

"ಯಾವ ಮೊಣಕಾಲು?" ಶಶಿಕಲಾ ಕೇಳಿದಳು. "ನನಗೆ ಹೇಳಲೇ ಇಲ್ಲ!"

ಮುಮ್ತಾಜ್ ನಗು ತಡೆಯಲು ಒಳಗೆ ಹೋದಳು.

ಮನೆಗೆ ಬರುವಾಗ ಅನು ನನ್ನ ಬೆರಳು ಹಿಡಿದು ಕೇಳಿದಳು. "ಪಪ್ಪಾ, ಅಲ್ಲಿಂದ ಬಂದ ಮೇಲೆ ಶಿಫಾ ನನ್ನ ಜೊತೆ ಆಡ್ತಾಳಾ?"

"ಯಾಕೆ ಆಡುವುದಿಲ್ಲ? ಒಂದು ವಾರದಲ್ಲಿ ಯಾರಾದ್ರೂ ಬದಲಾಗ್ತಾರಾ?"

ಅಷ್ಟು ದೊಡ್ಡ ಸುರಕ್ಷತಾ ತಜ್ಞನ ಉತ್ತರ ಅದು.

ಅವರು ಹೋದರು. ದಿನವೂ ಮೊಬೈಲಿಗೆ ಚಿತ್ರಗಳು ಬರತೊಡಗಿದವು. ಹೆಲ್ಮೆಟ್ಟಿನ ಕೆಳಗೆ ತಲೆವಸ್ತ್ರ ಬಿಗಿದ ಮುಮ್ತಾಜ್, ಕರಡಿಯ ಹಾಗೆ ದಪ್ಪಗಾದ ರಫೀಕ, ನಡುವೆ ಹಳದಿ ಜಾಕೆಟ್ಟಿನ ಶಿಫಾ. ನಾನು ಒಂದೊಂದನ್ನೂ ದೊಡ್ಡದು ಮಾಡಿ ನೋಡಿದೆ.

"ಎಂತ ಹುಡುಕ್ತೀರಿ?" ಶಶಿಕಲಾ ಕೇಳಿದಳು.

"ಬೆಳಕು ಚೆನ್ನಾಗಿದೆ."

"ಪ್ಲಾಸ್ಟರ್ ಹುಡುಕ್ತಾ ಇದ್ದೀರಿ."

ಪ್ಲಾಸ್ಟರ್ ಇರಲಿಲ್ಲ. ಅನು ಮಾತ್ರ ಸಂಜೆ ಒಬ್ಬಳೇ ಗುಡ್ಡೆಗೆ ಹೋಗಿ ಬೀಳುವುದನ್ನು ಅಭ್ಯಾಸ ಮಾಡುತ್ತಿದ್ದಳು. ಶಿಫಾ ಬಂದಾಗ ತೋರಿಸಲು ಹೊಸದೊಂದು ಬೀಳುವಿಕೆ ತಯಾರಾಗಿತ್ತಂತೆ, ಹಿಮ್ಮುಖವಾಗಿ.

ಅವರು ಮೈಕೈ ಸುರಕ್ಷಿತವಾಗಿ ಬಂದರು. ಪೆಟ್ಟಿಗೆಗಳೂ ಬಂದವು. ಯಾರಿಗೂ ನೆಗಡಿಯಿಲ್ಲ. ರಫೀಕ ನನ್ನನ್ನು ತಬ್ಬಿಕೊಂಡು, "ಶೆಟ್ರೇ, ನಿಮ್ಮ ಪ್ಲಾನಿನಿಂದಾಗಿ ಒಂದು ಕೂದಲೂ ಕೊಂಕಲಿಲ್ಲ," ಎಂದು ಚಾಕಲೇಟಿನ ಡಬ್ಬಿ ಕೈಗಿಟ್ಟ. ನನಗೆ ಆದ ಸಂಕಟ ಎಷ್ಟೆಂದರೆ, ಆ ಚಾಕಲೇಟನ್ನು ರುಚಿ ಇಲ್ಲ ಎನ್ನುತ್ತಲೇ ಮುಗಿಸಿದೆ.

ಈಗ ಆ ಗುಡ್ಡೆ ಇಲ್ಲ. ಅದನ್ನು ಸಮ ಮಾಡಿ ಕಾರು ನಿಲ್ಲಿಸುವ ಜಾಗ ಮಾಡಿದ್ದನ್ನು ನಾವು ಅಲ್ಲಿರುವಾಗಲೇ ನೋಡಿದೆವು. ರಫೀಕನ ಮನೆಯವರು ಮಸ್ಕತ್‌ಗೆ ಹೋದರು, ನಾವು ಉಡುಪಿಗೆ ಬಂದೆವು. ಹಬ್ಬಕ್ಕೊಂದು ಶುಭಾಶಯ ಹೋಗುತ್ತದೆ, ಬರುತ್ತದೆ. ಅನುವಿಗೆ ಈಗ ಎಲ್ಲದರಲ್ಲೂ ಎಡವದೆ ನಡೆಯುವುದು ಗೊತ್ತು. ಪರೀಕ್ಷೆಯಲ್ಲಿ, ಸ್ಕೂಟರಿನಲ್ಲಿ, ಮಾತಿನಲ್ಲೂ. ನನ್ನಂಥ ಪುಕ್ಕಲನಿಗೆ ಇದರಿಂದ ನೆಮ್ಮದಿಯಾಗಬೇಕು. ಆದರೆ ಅವಳು ಬೇಕೆಂದೇ ದೊಪ್ಪನೆ ಬಿದ್ದು, ಮೇಲೆ ನೋಡಿ, ಅಂಕ ಕೇಳಿ ಎಷ್ಟು ಕಾಲವಾಯಿತು!

ಆ ಚಳಿಗಾಲದಲ್ಲಿ ಕೆಟ್ಟದ್ದು ಇಷ್ಟೇ. ಅವರು ಬಂದ ಮರುದಿನ ಸಂಜೆ ಇಬ್ಬರೂ ಗುಡ್ಡೆ ಹತ್ತಿದರು. ಅನು ತನ್ನ ಹೊಸ ಬೀಳುವಿಕೆ ತೋರಿಸಿದಳು. ಹಿಮ್ಮುಖವಾಗಿ ಜಾರಿ, ಎರಡು ಪಲ್ಟಿ ಹೊಡೆದು, ತಳಕ್ಕೆ ಬಂದು ಕೈಕಾಲು ಚಾಚಿ ಮಲಗಿ ಕಾದಳು. ಹಿಮಪಾತ ಬರಲಿಲ್ಲ. ನಾಯಿಯೂ ಬರಲಿಲ್ಲ.

"ಬೀಳ್ಬಾರ್ದು ಅನು," ಶಿಫಾ ಮೇಲಿನಿಂದ ಹೇಳಿದಳು. ಜಂಭವಿರಲಿಲ್ಲ, ಪಾಪ, ಕಲಿಸುವ ಪ್ರೀತಿಯೇ ಇತ್ತು. "ಅಲ್ಲಿ ಬಿದ್ರೆ ಸ್ಕೀ ಟೀಚರ್ ಮತ್ತೆ ಮೊದಲಿಂದ ಮಾಡಿಸ್ತಾರೆ. ಮೊಣಕಾಲು ಮಡಚು. ಪಾದ ಹೀಗೆ, ಒಳಗೆ ತಿರುಗಿಸು."

ಅನು ಮತ್ತೆ ಹತ್ತಿದಳು. ಮೊಣಕಾಲು ಮಡಚಿದಳು, ಪಾದ ತಿರುಗಿಸಿದಳು. ರಟ್ಟು ಮರಳಿನಲ್ಲಿ ಹೂತು ನಿಂತಿತು.

"ಇದ್ರಲ್ಲಿ ಆಗೂದಿಲ್ಲ," ಅಂದಳು ಶಿಫಾ. "ಇದು ಮರಳಲ್ವಾ?"

ಅನು ಕಾಲಿನ ಅಂಟುಪಟ್ಟಿ ಬಿಡಿಸಿ, ನಾನು ಕೂತಲ್ಲಿಗೆ ನಡೆದು ಬಂದಳು. ಟೊಪ್ಪಿ ತೆಗೆದಳು. ಕೂದಲೆಲ್ಲ ಒದ್ದೆಯಾಗಿ ಹಣೆಗೆ ಅಂಟಿತ್ತು. ಸ್ವೆಟರನ್ನು ತಲೆಯ ಮೇಲಿನಿಂದ ಎಳೆದು ನನ್ನ ಮಡಿಲಿಗೆ ಹಾಕಿದಳು.

"ಪಪ್ಪಾ," ಅಂದಳು, "ತುಂಬ ಸೆಕೆ."