ಒಬ್ಬರೇ ಕರೆಯಬೇಕು

ಯಾರದೋ ಮನೆಯ ಕೂಸಿನ ಗಿಲಕಿ ಗಲಗಲ ಎಂದರೆ ಸಾಕು, ಇಬ್ರಾಹಿಂಪುರದ ರೈಲು ಹಳಿಯ ಪಕ್ಕದ ನಮ್ಮ ಮನೆ, ಅದರ ಮುಂದಿನ ಬಯಲು, ಬಿಸಿಲಿಗೆ ಕಾದ ಮಣ್ಣಿನ ವಾಸನೆ ಎಲ್ಲ ಒಟ್ಟಿಗೇ ಎದ್ದು ಬರುತ್ತವೆ. ಬಸುಮಾಮಾನ ಚೆಂಡೂ ಹಾಗೆಯೇ ಸದ್ದು ಮಾಡುತ್ತಿತ್ತು. ಅವನು ಅವ್ವನ ತಮ್ಮ, ಹೊನವಾಡದವನು, ಹುಟ್ಟಿನಿಂದಲೇ ಕಣ್ಣು ಕಾಣದವನು. ಅಂಧರ ಶಾಲೆಯಲ್ಲಿ ಓದುವಾಗ ಕ್ರಿಕೆಟ್ ಕಲಿತಿದ್ದ. ಓದು ಮುಗಿದ ಮೇಲೆ ನಮ್ಮಲ್ಲೇ ಉಳಿದ. ಓಣಿಯ ಹುಡುಗರು ಅವನ ನಡಿಗೆಯನ್ನು ಅಣಕಿಸಿದಾಗ ಅವನು ಬೈಯಲಿಲ್ಲ. ಒಳಗೆ ಗುಂಡು ತುಂಬಿದ ಆ ಬಿಳಿ ಚೆಂಡನ್ನು ತಂದು, "ಕಣ್ಣ ಕಟಗೊಂಡ ಒಂದ ರನ್ ತಗೀರಿ ನೋಡೂಣು," ಎಂದ. ನನ್ನ ಕಣ್ಣಿಗೆ ಬಟ್ಟೆ ಬಿಗಿದೊಡನೆ ಕಾಲಡಿಯ ನೆಲವೇ ಓರೆಯಾದಂತಾಯಿತು. ಹುಡುಗರು ನಾಲ್ಕೂ ಕಡೆಯಿಂದ ಕೂಗಿದರು. ನಾನು ನಿಂತಲ್ಲೇ ಅತ್ತೆ. "ಎಲ್ಲಾರೂ ಒದರಿದ್ರ ಆಕಿಗೆ ದಿಕ್ಕ ತಪ್ಪತೈತಿ. ಒಬ್ರ ಕರೀಬೇಕು," ಎಂದ ಮಾಮಾ. ಪಕ್ಕದ ಮನೆಯ ಶಬಾನಾ ಒಬ್ಬಳೇ ಕರೆದಳು. ಅವಳ ದನಿ ಹಿಡಿದು ಓಡಿದೆ. ಒಬ್ಬೊಬ್ಬರಾಗಿ ಎಲ್ಲರೂ ಹಾಗೆ ಓಡಿದ ಮೇಲೆ ಅಣಕ ತಾನಾಗಿಯೇ ನಿಂತಿತು.

ಅವ್ವನಿಗೆ ಮಾತ್ರ ಈ ಆಟವೆಂದರೆ ಜೀವ ಹೊಯ್ದಾಟ. ಹಳಿ ಅಷ್ಟು ಹತ್ತಿರ. ರೈಲಿನ ಸೀಟಿ ಕೇಳಿದರೆ ರೊಟ್ಟಿ ಬಡಿಯುತ್ತಿದ್ದ ಹಿಟ್ಟಿನ ಕೈಯಲ್ಲೇ ಹೊರಗೋಡಿ ಬರುತ್ತಿದ್ದಳು.

ಒಂದು ಸಂಜೆ ಅವಳು ಹೆದರಿದ್ದೇ ಎದುರಾಯಿತು. ಮಾಮಾ ಹಳಿಯಾಚೆಯ ಅಂಗಡಿಯಿಂದ ಒಬ್ಬನೇ ಮರಳುತ್ತಿದ್ದ. ಹಳಿಗಳ ನಡುವೆ ಅವನ ಕೋಲು ಕೈಜಾರಿ ಬಿತ್ತು. ಅದನ್ನು ತಡಕಾಡುವಷ್ಟರಲ್ಲಿ ಸೀಟಿ ಕೇಳಿತು. "ಈ ಕಡೆ ಬಾ!" "ಹಿಂದ ಸರಿಯೋ!" ಎಂದು ದೊಡ್ಡವರೆಲ್ಲ ಎರಡೂ ಬದಿಯಿಂದ ಕೂಗತೊಡಗಿದರು. ಅವ್ವನ ಚೀರಾಟವೂ ಅದರಲ್ಲಿ ಸೇರಿತ್ತು. ಮಾಮಾ ಅತ್ತ ತಿರುಗಿದ, ಇತ್ತ ತಿರುಗಿದ, ನಿಂತುಬಿಟ್ಟ.

"ಯಾರೂ ಒದರಬ್ಯಾಡ್ರೀ!" ಎಂದು ಶಬಾನಾ ಕಿರುಚಿದಳು. ನಾವು ಹುಡುಗರು ದೊಡ್ಡವರ ಕೈ ಜಗ್ಗಿ ಬೇಡಿಕೊಂಡೆವು. ಸದ್ದು ಅಡಗಿತು. ನಾನೊಬ್ಬಳೇ ಕರೆದೆ: "ಮಾಮಾ, ನನ್ನ ಕಡೆ ಬಾ. ಸೀದಾ ಬಾ." ಅವನು ಕೈ ಚಾಚಿ ನಡೆದು ಬಂದ. ಅವನ ಬೆನ್ನಹಿಂದೆಯೇ ರೈಲು ಹಾದುಹೋಯಿತು.

ಆ ಮನೆ ಈಗಿಲ್ಲ, ಬಯಲೂ ಇಲ್ಲ. ಮಾಮಾ ಜ್ವರದಲ್ಲಿ ತೀರಿಕೊಂಡು ಬಹಳ ವರ್ಷವಾಯಿತು. ಆ ಸಂಜೆಯ ಮರುದಿನ ಅವ್ವ ಬಯಲಿಗೆ ಬಂದು, ಸೆರಗು ಸಿಕ್ಕಿಸಿ, "ನನಗೂ ಕಟ್ಟವ್ವಾ," ಎಂದು ನನಗೆ ಹೇಳಿದ್ದಳು. ಕಣ್ಣು ಕಟ್ಟಿದಾಗ ಅವಳ ಕೈ ಗಾಳಿಯಲ್ಲಿ ಏನನ್ನೋ ಹುಡುಕಿತು.

"ತಮ್ಮಾ, ಎಲ್ಲಿದ್ದೀಯೋ?"

"ಇಲ್ಲೇ ಅದೀನಿ, ಅಕ್ಕಾ," ಎಂದಿದ್ದ ಮಾಮಾ.