ಯಂತ್ರಕ್ಕೆ ಏಳು ಸಾಲು ಬರೆದ ವಿಜಯಕುಮಾರಿ

ಬೆಳಗಿನ ಐದೂವರೆ. ತಮಿಳುನಾಡಿನ ಕರುಮತ್ತಂಪಟ್ಟಿಯ ಸಂದಿಯಲ್ಲಿ ಪವರ್‌ಲೂಮ್‌ಗಳ ಟಕಟಕ ಆಗಲೇ ಶುರುವಾಗಿದೆ. ಜಗಲಿಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತ ವಿಜಯಕುಮಾರಿ, ಪಕ್ಕದಲ್ಲಿ ನೂಲು ಸುತ್ತುತ್ತಿರುವ ಅತ್ತೆ ಬೆಳ್ಳಿಯಮ್ಮನಿಗೆ ಆ ಸದ್ದಿನ ಮೇಲೆ ಕೂಗಿ ಹೇಳುತ್ತಾರೆ.

“ಅತ್ತೆ, ಕೇಳಿ. ‘ಹಳೇ ಮೇಲ್ ಹುಡುಕೋಕೆ ಇದನ್ನ ತಗೋ.’ ಪುರಿಂಜಿತಾ, ತಿಳೀತಾ?”

“ಯಾರ ಮೇಲು? ಬಂದದ್ದೋ, ಹೋದದ್ದೋ? ಮೊನ್ನೆ ಅಟ್ಟದಿಂದ ಪಾತ್ರೆ ಎತ್ಕೊಂಡು ಬಾ ಅಂತ ನೀನಂದೆ. ನಿನ್ ಗಂಡ ಹಿತ್ತಾಳೆ ಅಂಡೆ ಹೊತ್ಕೊಂಡು ಇಳಿದ. ತಪ್ಪು ಅವನ್ದಾ, ನಿನ್ದಾ?”

ವಿಜಯಕುಮಾರಿ ನಕ್ಕು ಇನ್ನೊಂದು ಸಾಲು ಸೇರಿಸುತ್ತಾರೆ. ಇದೇ ಅವರ ಕೆಲಸ.

ನಲವತ್ತನಾಲ್ಕರ ಈಕೆ ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಮೇಲ್ ನೋಡಿಕೊಳ್ಳುವವರು. ದಿನಕ್ಕೆ ಮುನ್ನೂರಕ್ಕೂ ಹೆಚ್ಚು ಬರುತ್ತವೆ. ಹೋದ ವರ್ಷ ಮಾಲೀಕರು ಇದಕ್ಕೆಂದೇ ಒಂದು ಎಐ ಸಹಾಯಕನನ್ನು ತಂದರು. ಹುಡುಕಲು ಒಂದು, ಕರಡು ಬರೆಯಲು ಒಂದು, ಕಳಿಸಲು ಒಂದು, ಹೀಗೆ ಅದರ ಕೈಗೆ ಹದಿನಾಲ್ಕು ಟೂಲ್. ಯಾವುದನ್ನು ಯಾವಾಗ ಎತ್ತಬೇಕೆಂದು ಅದು ತಿಳಿಯುವುದು ಒಂದೊಂದರ ಜೊತೆಗಿರುವ ನಾಲ್ಕಾರು ಸಾಲಿನ ವಿವರಣೆ ಓದಿ. ಆ ಸಾಲುಗಳನ್ನು ಬರೆಯುವವರು ವಿಜಯಕುಮಾರಿ. ಬರೆಯುವುದು ಇಂಗ್ಲಿಷಿನಲ್ಲಿ, ಒರೆಗೆ ಹಚ್ಚುವುದು ಅತ್ತೆಯ ಮುಂದೆ, ತಲೆಮಾರುಗಳ ಹಿಂದೆ ಇಲ್ಲಿಗೆ ಬಂದ ನೇಕಾರರ ಮನೆಗನ್ನಡದಲ್ಲಿ. ಕನ್ನಡ ಅಕ್ಷರ ಅವರಿಗೆ ಬಾರದು. ಈ ಪುಟವನ್ನೂ ಯಾರಾದರೂ ಓದಿ ಹೇಳಬೇಕು.

“ನಾವು ಎಂಜಿನಿಯರುಗಳು ಬರೆದದ್ದು ನಮಗೆ ಮಾತ್ರ ಅರ್ಥವಾಗುತ್ತಿತ್ತು,” ಎನ್ನುತ್ತಾರೆ ಸಹಾಯಕನನ್ನು ಕಟ್ಟಿಕೊಟ್ಟ, ದಾವಣಗೆರೆಯಿಂದ ಕೊಯಮತ್ತೂರಿಗೆ ಬಂದಿರುವ ಉಮಾಪತಿ. “ಮೇಡಂ ಬರೆದದ್ದು ನಿನ್ನೆ ಕೆಲಸಕ್ಕೆ ಸೇರಿದವನಿಗೂ ಅರ್ಥವಾಗುತ್ತೆ.”

ಹಾಗೆ ಬರೆಯುವುದನ್ನು ಕಲಿಸಿದ್ದು ಒಂದು ತಪ್ಪು. ಕಂಪನಿಯ ಬಟ್ಟೆಗೆ ಹೊರಗಿನಿಂದ ಬಣ್ಣ ಹಾಕಿಕೊಡುವ ನಂಜಪ್ಪನ್ ಮೊದಲು ಒಂದು ತುಂಡು ಬಟ್ಟೆಗೆ ಬಣ್ಣ ಕೊಟ್ಟು, ಅದರ ಫೋಟೊ ಮೇಲ್ ಮಾಡಿ ‘ಶುರು ಮಾಡಲೇ?’ ಎಂದು ಕೇಳುತ್ತಾರೆ. ತುಂಡೂ ಕೈಸೇರಿ, ಅದನ್ನು ಬಾಗಿಲಾಚೆ ಹಗಲು ಬೆಳಕಿಗೆ ಹಿಡಿದು ನೋಡುವವರೆಗೆ ಆಫೀಸಿನಲ್ಲಿ ಯಾರೂ ‘ಸರಿ’ ಎನ್ನುವುದಿಲ್ಲ. ಟ್ಯೂಬ್‌ಲೈಟಿನಲ್ಲಿ ಕಂಡ ಬಣ್ಣ ಬಿಸಿಲಿಗೆ ಬಂದರೆ ಬೇರೆ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ವಿಜಯಕುಮಾರಿಯೂ ಕಳಿಸುವ ಟೂಲಿಗೆ ಒಂದೇ ಸಾಲು ಬರೆದಿದ್ದರು: ‘ಉತ್ತರ ಕಳಿಸುತ್ತದೆ.’ ಯಂತ್ರ ಫೋಟೊ ನೋಡಿತು, ‘ಶುರು ಮಾಡಿ’ ಎಂದು ಕಳಿಸಿಬಿಟ್ಟಿತು. ಬಿಸಿಲಿಗೆ ತಂದು ನೋಡಿದರೆ ನಾನೂರು ಕಿಲೊ ಬಟ್ಟೆಯ ನೀಲಿ ಹಸಿರಿಗೆ ತಿರುಗಿತ್ತು.

“ಅದು ಗೊತ್ತಿಲ್ದೋರು ಯಾರಿದ್ದಾರೆ ಅಂತ ಬಿಟ್ಬಿಟ್ಟೆ. ಗೊತ್ತಿಲ್ದೋರು ಒಬ್ರು ಬಂದಿದ್ರಲ್ಲ!” ಎನ್ನುತ್ತಾರೆ ವಿಜಯಕುಮಾರಿ. ತಪ್ಪು ತನ್ನದೆಂದು ಮಾಲೀಕರ ಮುಂದೆ ಒಪ್ಪಿಕೊಂಡರು. ಆದರೆ ನಂಜಪ್ಪನ್ ಮೇಲ್ ನಂಬುವುದನ್ನೇ ಬಿಟ್ಟರು. ಅಂದಿನಿಂದ ದಿನಾ ಸ್ಕೂಟರಿನಲ್ಲಿ ತಾವೇ ಬರುತ್ತಾರೆ. ಇನ್ನೊಂದು ಸಲ ಹೀಗಾದರೆ ಈ ಕಂಪನಿಯ ಬಟ್ಟೆಯನ್ನೇ ಮುಟ್ಟುವುದಿಲ್ಲ ಎಂದಿದ್ದಾರೆ.

ಹನ್ನೊಂದು ಸಲ ತಿದ್ದಿದ ಮೇಲೆ ಆ ಒಂದು ಸಾಲು ಏಳಾಗಿದೆ. ಅವುಗಳ ಸಾರ ಇಷ್ಟು: ಕಳಿಸಿದ್ದು ವಾಪಸು ಬರುವುದಿಲ್ಲ. ಬಣ್ಣದ ಮಾತಾದರೆ ತುಂಡನ್ನು ಹಗಲಿನಲ್ಲಿ ನೋಡಿದವರ ಹೆಸರು ಬೇಕು. ಹೆಸರಿಲ್ಲದಿದ್ದರೆ ಕರಡಿನಲ್ಲಿಟ್ಟು ಕೇಳು. ನಂಜಪ್ಪನ್ ಅವರ ಮೇಲ್‌ಗಳು ಮತ್ತೆ ಯಂತ್ರದ ಕೈಗೆ ಹೋಗುವುದು ಇಂದೇ ಮೊದಲು.

ಒಂಬತ್ತೂವರೆಗೆ ಆಫೀಸಿನಲ್ಲಿ ನಂಜಪ್ಪನ್ ಆಕೆಯ ಕುರ್ಚಿಯ ಹಿಂದೆ ನಿಂತು, ಮೊಬೈಲಿನಿಂದಲೇ ಮರೂನ್ ತುಂಡಿನ ಫೋಟೊ ಕಳಿಸುತ್ತಾರೆ. “ಏನಮ್ಮಣಿ, ನಿನ್ ಮಿಷಿನ್ ಇವತ್ತು ಯಾವ ಬಣ್ಣ ತೋರ್ಸುತ್ತೆ?”

“ಸುಮ್ನಿರಿ ಅಣ್ಣಾ, ಅದೇನ್ ಮಾಡುತ್ತೋ ಮೊದ್ಲು ನೋಡೋಣ.”

ಕಳಿಸಿದ ಮೇಲ್‌ಗಳ ಪಟ್ಟಿಗೆ ಹೊಸದೇನೂ ಸೇರುವುದಿಲ್ಲ. ಉತ್ತರ ಕರಡಿನಲ್ಲಿ ಕೂತಿದೆ, ಜೊತೆಗೊಂದು ಪ್ರಶ್ನೆ. ಅದನ್ನು ವಿಜಯಕುಮಾರಿ ಮೆಲ್ಲಗೆ ಓದಿ ಹೇಳುತ್ತಾರೆ: “ತುಂಡನ್ನ ಹಗಲು ಬೆಳಕಲ್ಲಿ ಯಾರು ನೋಡಿದ್ರು, ಅಂತ ಕೇಳ್ತಿದೆ ಅಣ್ಣಾ.”

ನಂಜಪ್ಪನ್ ಚೀಲದಿಂದ ತುಂಡು ತೆಗೆಯುತ್ತಾರೆ. ಇಬ್ಬರೂ ಬಾಗಿಲಾಚೆ ಹೋಗಿ ಅದನ್ನು ಬಿಸಿಲಿಗೆ ಹಿಡಿಯುತ್ತಾರೆ, ಮಗ್ಗುಲು ತಿರುವುತ್ತಾರೆ, ಮಡಿಸಿ ನೋಡುತ್ತಾರೆ. ಮರೂನ್ ಮರೂನಾಗಿಯೇ ಇದೆ. ಒಳಗೆ ಬಂದು ವಿಜಯಕುಮಾರಿ ತನ್ನ ಹೆಸರು ಬರೆಯುತ್ತಾರೆ. ಮೇಲ್ ಹೋಗುತ್ತದೆ.

“ಸರಿ ಅಮ್ಮಣಿ,” ನಂಜಪ್ಪನ್ ಸ್ಕೂಟರ್ ಕೀಲಿ ಹುಡುಕುತ್ತಾರೆ. “ನಾಳೆಯಿಂದ ನಾ ಬರಲ್ಲ. ಆಳ್ ಕೈಲಿ ತುಂಡು ಕಳ್ಸಿ, ಮೇಲ್ ಹಾಕ್ತೀನಿ.”

“ನೀವು ಇಷ್ಟು ದೂರ ಅಲೆಯೋದು ನಿಲ್ಲಲಿ ಅಂತಾನೇ ಅಣ್ಣಾ, ಇಷ್ಟು ದಿನ ಕೂತು ಬರ್ದಿದ್ದು,” ಎನ್ನುತ್ತಾರೆ ವಿಜಯಕುಮಾರಿ.