ಗಾಜಿನ ಬೀರುವಿನ ರೌಟರ್

ಜ್ರೆನ್ಯಾನಿನ್ ಊರಿನ ಮಿಲುಂಕಾ ಹೊಸದನ್ನು ಬಳಸಿದವಳೇ ಅಲ್ಲ. ಮದುವೆಗೆ ಬಂದ ಹರಳುಗಾಜಿನ ಲೋಟಗಳು, ಅತಿಥಿಗಳಿಗೆಂದು, ಮೂವತ್ತೆಂಟು ವರ್ಷದಿಂದ ಹಜಾರದ ಗಾಜಿನ ಬೀರುವಿನಲ್ಲಿ ಕುಳಿತು ಹಿಂದಿನ ಕನ್ನಡಿಯಲ್ಲಿ ತಮ್ಮನ್ನು ತಾವೇ ನೋಡಿಕೊಳ್ಳುತ್ತಿದ್ದವು. ಗಂಡ ಬ್ರಾಂಕೊ ಸಾಯುವವರೆಗೂ ಅಂಗಡಿಯ ಸಾಸಿವೆ ತುಂಬಿ ಬಂದಿದ್ದ ಖಾಲಿ ಲೋಟದಲ್ಲೇ ಕುಡಿದ.

ಹೊಸ ಫೋನಿಗೆ ಹಳೆಯ ರೌಟರ್ ಸಾಲದೆಂದು ಹೊಸದನ್ನು ತಂದ ದಿನದಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಫೋನ್ ಹಿಡಿದು ಅಡುಗೆಮನೆ, ಮಲಗುವ ಕೋಣೆ, ಬಾಲ್ಕನಿ ಎಂದು ಕಾಲು ಸುಟ್ಟ ಬೆಕ್ಕಿನಂತೆ ಸುತ್ತಿದಳು. ವಿಡಿಯೊ ಕರೆಯಲ್ಲಿ ದೂರದೂರಿನ ಮಗಳ ಮುಖ ಅರ್ಧ ಮೂಡಿ ಕಲ್ಲಾಗುತ್ತಿತ್ತು.

“ಹಳೇದೇ ವಾಸಿಯಿತ್ತು! ಅಂಗಡಿಯವ್ನು ಟೋಪಿ ಹಾಕಿದ!” ಎಂದು ಅವಳು ಕೂಗಾಡುವುದು ಕೇಳಿ ಪಕ್ಕದ ಮನೆಯ ಜಾಗೋರ್ಕಾ ಬಂದಳು.

“ಎಲ್ಲಿಟ್ಟಿದ್ದೀಯೆ ಅದನ್ನ?”

ಮಿಲುಂಕಾ ಬೀರು ತೋರಿಸಿದಳು. ಲೋಟಗಳ ನಡುವೆ, ಕ್ರೋಶಾ ಹೆಣಿಗೆಯ ಬಟ್ಟೆ ಹೊದ್ದು, ರೌಟರ್ ಮಿನುಗುತ್ತಿತ್ತು.

“ಅಯ್ಯೋ ನಿನ್ನ! ಬೆನ್ನಿಗೆ ಕನ್ನಡಿ ಇಟ್ರೆ ಸಿಗ್ನಲ್ ಆ ಕಡೆ ಹೆಂಗೆ ಹೋಗುತ್ತೆ? ತೆಗಿ ಆಚೆ!”

“ಹೊಸದು ಕಣೇ! ಧೂಳು ಹಿಡಿಯುತ್ತೆ!”

“ಹಿಡೀಲಿ ಬಿಡು. ಬ್ರಾಂಕೊನೇ ಮಣ್ಣಿಗೆ ಹೋದ, ನಿನ್ನ ಲೋಟ ಮಾತ್ರ ಹೊಳೀತಾನೇ ಇದೆ.”

ಮಿಲುಂಕಾ ದುರುಗುಟ್ಟಿ ನೋಡಿದಳು. ಆಮೇಲೆ ರೌಟರನ್ನು ಎಳೆದು ಹಜಾರದ ಸ್ಟೂಲಿನ ಮೇಲೆ ಕುಕ್ಕಿದಳು. ಮಗಳ ಮುಖ ನಿಚ್ಚಳವಾಯಿತು. ಮಿಲುಂಕಾ ಮಾತ್ರ ಕೂರಲಿಲ್ಲ. ಬೀರುವಿನಿಂದ ಎರಡು ಲೋಟ ತೆಗೆದು ಪ್ಲಮ್ ಸಾರಾಯಿ ಸುರಿದು, ಒಂದನ್ನು ಜಾಗೋರ್ಕಾಳ ಕೈಗಿತ್ತಳು.

“ಅಮ್ಮಾ, ಆ ಲೋಟ! ಯಾರಮ್ಮ ಬಂದಿರೋದು?” ಮಗಳು ಬೆಚ್ಚಿದಳು.

“ಯಾರೂ ಇಲ್ಲ, ನಾವೇ,” ಎಂದು ಮಿಲುಂಕಾ ಒಂದೇ ಗುಟುಕಿಗೆ ಎತ್ತಿದಳು.